ಎರಡು ಎಂದಾಗ ಒಂದು ಹೆಜ್ಜೆ

ಮೊನ್ನೆ ಸಂಜೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ತರಕಾರಿ ಆರಿಸುತ್ತಿದ್ದೆ. ಎದುರಿನ ತಾರಸಿಯಿಂದ ಕರಾಟೆ ಎಣಿಕೆ ಕೇಳಿಸಿತು: "ಇಚಿ, ನೀ, ಸಾನ್." ಬದನೆಕಾಯಿ ಕೈಯಲ್ಲೇ ಇತ್ತು, ಬಲಗಾಲು ತಾನಾಗಿ ಮುಂದೆ ಹೋಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ ನೌಕಾದಳದಲ್ಲಿದ್ದರು. ಧಾರವಾಡದಿಂದ ಇಲ್ಲಿಗೆ ಬಂದ ವಾರದಲ್ಲೇ ನನ್ನನ್ನು ಕರಾಟೆಗೆ ಸೇರಿಸಿದರು. ಈ ಊರಿಗೆ ಮೊದಲು ಕರಾಟೆ ತಂದವರು ನಮ್ಮ ಮಾಸ್ಟರು. ಅವರ ಬಿಳಿ ಅಂಗಿಯಿಂದ ಗಂಜಿಯ ವಾಸನೆ ಬರುತ್ತಿತ್ತು. ಕಲಿಸುವ ಮೊದಲು ಬೀಚಿನ ಮರಳಿನಿಂದ ಗಾಜಿನ ಚೂರುಗಳನ್ನು ತಾವೇ ಹೆಕ್ಕುತ್ತಿದ್ದರು.

ಜಪಾನಿನವರು ಎರಡಕ್ಕೆ 'ನೀ' ಎನ್ನುತ್ತಾರೆಂದು ನನಗೇನು ಗೊತ್ತು? ನಮ್ಮ ಮನೆಯಲ್ಲಿ 'ನೀ' ಎಂದರೆ ನಾನೇ. ಮಾಸ್ಟರು ಹಾಗೆಂದಾಗಲೆಲ್ಲ ಸಾಲು ಬಿಟ್ಟು ಮುಂದೆ ಹೋಗುತ್ತಿದ್ದೆ. ಹುಡುಗರು ನಗುತ್ತಿದ್ದರು. ಮೂರನೆಯ ದಿನ, ಕರೆದೊಯ್ಯಲು ಬಂದ ಅಪ್ಪನ ಮುಂದೆ, ಇನ್ನು ಬರುವುದಿಲ್ಲವೆಂದು ಅತ್ತೆ.

"ಎಂದುಕಮ್ಮಾ ಮುಂದುಕೊಸ್ತುನ್ನಾವು?" ಯಾಕಮ್ಮಾ ಮುಂದೆ ಬರ್ತೀಯ ಎಂದು ಮಾಸ್ಟರು ಕೇಳಿದರು.

"ನೀ ಅಂತ ಕರದ್ರಲ್ರೀ ಸರ್, ಅದಕ್ಕ ಬಂದ್ನಿ."

ಅಪ್ಪ ನಾಚುತ್ತಲೇ ಅದನ್ನು ತೆಲುಗಿನಲ್ಲಿ ಹೇಳಿದರು. ಮಾಸ್ಟರು ನಗಲಿಲ್ಲ. ಮರುದಿನದಿಂದ, ಎರಡು ಎಂದಾಗ ಎಲ್ಲರೂ ಒಂದು ಹೆಜ್ಜೆ ಮುಂದಿಡಬೇಕು ಎಂದುಬಿಟ್ಟರು. ನಾನು ಸಾಲಿನಲ್ಲೇ ಉಳಿದೆ.

ಮಾಸ್ಟರು ತೀರಿಕೊಂಡು ಎಷ್ಟೋ ಕಾಲವಾಯಿತು. ಮೊನ್ನೆ ಆ ತಾರಸಿ ಹತ್ತಿ ನೋಡಿದೆ. ಎರಡು ಎಂದಾಗ ಮಕ್ಕಳೆಲ್ಲ ಒಟ್ಟಿಗೆ ಮುಂದೆ ಬಂದರು. ಯಾಕೆ ಹೀಗೆ ಎಂದು, ಕಲಿಸುತ್ತಿದ್ದ ಹುಡುಗಿಯನ್ನು ತೆಲುಗಿನಲ್ಲೇ ಕೇಳಿದೆ.

"ಅದು ಜಪಾನ್ ಪದ್ಧತಿ ಆಂಟೀ," ಎಂದಳು. "ನಾನು ವಿಜಯವಾಡದಲ್ಲಿ ಕಲಿತದ್ದು. ನಮ್ಮ ಸರ್‌ಗೆ ಅವರ ಮಾಸ್ಟರು ಹೀಗೇ ಹೇಳಿಕೊಟ್ಟಿದ್ದರಂತೆ."

ಇರಬಹುದಮ್ಮಾ ಎಂದೆ. ಅದು ಧಾರವಾಡದ್ದು ಎಂದು ಹೇಳಲಿಲ್ಲ.