ಕರಡಿ ಕೇಳದ ಪ್ರಶ್ನೆ

ಲೋಕದಲ್ಲಿ ಕೆಲವರು ಬೆಳಗಾಗೆದ್ದು ಸೂರ್ಯನನ್ನು ನೋಡುತ್ತಾರೆ, ಕೆಲವರು ಕನ್ನಡಿ ನೋಡುತ್ತಾರೆ. ನಮ್ಮ ಕಥಾನಾಯಕಿ ಲೋಟದ ಬುಡ ನೋಡುತ್ತಾಳೆ. ಲೋಟ ಒಂದೇ ಅಲ್ಲ. ಕುರ್ಚಿ, ಚಪ್ಪಲಿ, ಗಡಿಯಾರ, ಸೋಪಿನ ಡಬ್ಬಿ, ಯಾವ ವಸ್ತುವೇ ಆಗಲಿ ಅವಳ ಕೈಗೆ ಸಿಕ್ಕರೆ ಮೊದಲು ಮಗುಚಿಕೊಳ್ಳಬೇಕು, ಆಮೇಲೆ ಬಳಕೆಗೆ ಬರಬೇಕು. ಇದರ ಬಗ್ಗೆ ಬೀದಿಯಲ್ಲಿ ಹುಟ್ಟಿಕೊಂಡ ಕಥೆಗಳನ್ನು ಪೋಣಿಸಿದರೆ ಒಂದು ಮಹಾಕಾವ್ಯವೇ ಆದೀತು. ಮೊದಲ ಸಲ ಬ್ಯಾಂಕಿಗೆ ಹೋದಾಗ ಮ್ಯಾನೇಜರರ ಕುರ್ಚಿಯ ಅಡಿಗೆ ಬಗ್ಗಿ ನೋಡಿದಳಂತೆ, ಮ್ಯಾನೇಜರರು ಅದರ ಮೇಲೆ ಕೂತಿದ್ದಾಗಲೇ. ಅಣ್ಣನ ಮಗು ಹುಟ್ಟಿದಾಗ, ಮೂಗು ಯಾರದ್ದು ಕಣ್ಣು ಯಾರದ್ದು ಎಂದು ಬಂಧುಗಳೆಲ್ಲ ಆಸ್ಪತ್ರೆಯಲ್ಲಿ ವಾದಕ್ಕಿಳಿದಿದ್ದರೆ, ಇವಳು ಕೂಸನ್ನು ಮೆಲ್ಲಗೆ ಮಗುಚಿ, ಬೆನ್ನು ಪರೀಕ್ಷಿಸಿ, "ಸರಿ ಇದೆ" ಎಂದು ಅತ್ತಿಗೆಯ ಕೈಗೆ ವಾಪಸ್ ಕೊಟ್ಟಳಂತೆ. ಆ "ಸರಿ ಇದೆ"ಯನ್ನು ಅತ್ತಿಗೆ ಇವತ್ತಿಗೂ ಕ್ಷಮಿಸಿಲ್ಲ. ಅಂದಿನಿಂದ ಇವಳ ಹೆಸರು ಮಗುಚಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿದೆ.

ಇದು ರಕ್ತದಲ್ಲೇ ಬಂದ ವಿದ್ಯೆ. ಅವಳ ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರು. "ಮೇಲೆ ಹೊಳೆಯೋದೆಲ್ಲ ಕಂಪನಿಯವರದ್ದು ಮಗಳೇ, ಕೆಳಗೆ ಸುಟ್ಟಿರೋದು ನಮ್ಮದು" ಎನ್ನುತ್ತ ಅವರು ಸ್ಕ್ರೂ ಬಿಚ್ಚುತ್ತಿದ್ದರೆ, ಪುಟ್ಟ ಹುಡುಗಿ ಪಕ್ಕದಲ್ಲಿ ಕೂತು ಲೋಕದ ತಳಭಾಗವನ್ನೇ ನೋಡುತ್ತ ಬೆಳೆದಳು. ಅನುಮಾನ ದೊಡ್ಡ ರೋಗ ಎನ್ನುತ್ತಾರೆ. ಇವಳಿಗೆ ಅದೇ ಆರೋಗ್ಯ.

ಇಂಥವಳು ಶಿಕ್ಷಕಿಯಾಗುವ ಪಣ ತೊಟ್ಟಳು. ತರಬೇತಿ ಕಾಲೇಜಿನಲ್ಲಿ ಓದು ಸರಾಗವಾಗಿ ನಡೆಯಿತು. ಎಡವಟ್ಟಾದದ್ದು ಕಳೆದ ವರ್ಷದ ಅಂತಿಮ ಪಾಠದಲ್ಲಿ. ಶಾಲೆಯೊಂದರಲ್ಲಿ ಪರೀಕ್ಷಕರ ಎದುರು ಪಾಠ ಮಾಡಿ ತೋರಿಸಬೇಕು. ಇವಳು ಭೂಗೋಳದ ಮಾದರಿ ಹಿಡಿದು ಖಂಡಗಳನ್ನು ವಿವರಿಸುತ್ತಿದ್ದವಳು, ಅಭ್ಯಾಸಬಲದಿಂದ ಅದರ ಬುಡ ನೋಡಲು ಹೋದಳು. ಭೂಮಿ ತನ್ನ ಅಕ್ಷದಿಂದ ಕಳಚಿ ಪರೀಕ್ಷಕರ ಕಾಲಿನ ಮೇಲೆ ಬಿತ್ತು. ಫೇಲು. ಇನ್ನೊಂದೇ ಅವಕಾಶವಿದೆ, ಅದೂ ಕೈತಪ್ಪಿದರೆ ತರಬೇತಿಯೇ ರದ್ದು. "ಹೋದ್ರೆ ಹೋಯ್ತು ಬಿಡು, ನಮ್ಮಣ್ಣನ ಗೋಡೌನಲ್ಲಿ ಡಬ್ಬ ಎಣಿಸೋರು ಬೇಕಂತೆ. ಅಲ್ಲಿ ಎಷ್ಟು ಬೇಕಾದ್ರೂ ಮಗುಚಬಹುದು" ಎಂದು ಅತ್ತಿಗೆ ಆಗಲೇ ದಾರಿ ಗುಡಿಸಿಟ್ಟಿದ್ದಳು.

ಈ ವರ್ಷ ಅವಳಿಗೆ ಸಿಕ್ಕ ಶಾಲೆಯಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಟ್ಯಾಬು. ಟ್ಯಾಬಿನೊಳಗೆ ಒಂದು ಕರಡಿ. ಲೆಕ್ಕ ಸರಿಯಾದರೆ ಕರಡಿ ಕುಣಿಯುತ್ತದೆ, ತಪ್ಪಾದರೆ ತಲೆ ಕೆರೆದುಕೊಳ್ಳುತ್ತದೆ. ಗೋಡೆಯ ದೊಡ್ಡ ಪರದೆಯ ಮೇಲೆ ಮಗುವಿಗೊಂದು ಚೌಕ. ಕಲಿತವರದ್ದು ಹಸಿರು, ಕಲಿಯದವರದ್ದು ಕೆಂಪು. ಮಗುಚಮ್ಮ ಕಾಲಿಟ್ಟ ದಿನ ಪರದೆ ಪೈರಿನ ಗದ್ದೆಯಂತೆ ನಳನಳಿಸುತ್ತಿತ್ತು. ಹುಡುಕಿದರೂ ಒಂದು ಕೆಂಪಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದವಳಿಗೆ ಹಸಿರಾಗಿರುವುದೆಲ್ಲ ಬೆಳೆ ಎನಿಸೀತೇ? ಟ್ಯಾಬನ್ನು ಮಗುಚಿ ನೋಡಿದಳು. ಬೆನ್ನು ನುಣ್ಣಗಿತ್ತು. ಒಂದು ಸ್ಕ್ರೂ ಕೂಡ ಇರಲಿಲ್ಲ. ಸ್ಕ್ರೂ ಇಲ್ಲದ ವಸ್ತುವನ್ನು ಅವಳು ಜೀವಮಾನದಲ್ಲಿ ನಂಬಿದವಳಲ್ಲ.

ಅವಳಿಗೆ ದಾರಿ ತೋರಿಸಬೇಕಾಗಿದ್ದವರು ತರಗತಿಯ ದೊಡ್ಡ ಟೀಚರ್. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವರಿಗೆ ಕರಡಿ ಬಂದ ಮೇಲೆ ಬದುಕಿನಲ್ಲಿ ಮೊದಲ ಬಾರಿಗೆ ಕಾಲು ಚಾಚುವ ಯೋಗ ಬಂದಿತ್ತು.

"ಟೀಚರ್, ಎಲ್ಲರೂ ಹಸಿರಾಗೋದು ಹೇಗೆ?" ಎಂದು ಮಗುಚಮ್ಮ ಕೇಳಿದಳು.

"ಕಲಿತಿದಾರೆ, ಆಗಿದಾರೆ. ಅದ್ರಲ್ಲೇನಿದೆ?"

"ನಾವು ಓದೋವಾಗ ಅರ್ಧ ಕ್ಲಾಸಿಗೆ ಭಿನ್ನರಾಶಿ ಬರ್ತಿರ್ಲಿಲ್ಲ."

"ನಿಮಗೆ ಕರಡಿ ಇರ್ಲಿಲ್ಲ ಮರಿ, ನಮ್ಮಂಥ ಕತ್ತೆಗಳಿದ್ವು. ಮೂವತ್ತು ವರ್ಷ ಚಾಕ್ ಪುಡಿ ಕುಡಿದು ಕುಡಿದು ನನ್ನ ಶ್ವಾಸಕೋಶನೇ ಕರಿಹಲಗೆ ಆಗಿದೆ. ನಿನ್ನ ಪರೀಕ್ಷೆ ಮುಗಿಯೋವರೆಗೂ ಆ ಪ್ರಾಣೀನ ಕೆಣಕಬೇಡ. ನಿನ್ನ ಮಾರ್ಕಲ್ಲಿ ಅರ್ಧ ನಾನೇ ಹಾಕ್ಬೇಕು, ಮರೀಬೇಡ."

ಬುದ್ಧಿವಂತರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಮ್ಮ ವೀರವನಿತೆ ಮರುದಿನ ಲೆಕ್ಕದ ಅವಧಿಯಲ್ಲಿ, ಪೆನ್ಸಿಲ್ ಬೀಳಿಸಿದ ನೆಪ ಮಾಡಿ, ಡೆಸ್ಕಿನ ಅಡಿಗೆ ಬಗ್ಗಿದಳು.

ಮೇಲೆ ಶಾಂತಿ, ಕೆಳಗೆ ಸಂತೆ! ಟ್ಯಾಬುಗಳು ಮಂಡಿಯಿಂದ ಮಂಡಿಗೆ, ಬೆಂಚಿನಿಂದ ಬೆಂಚಿಗೆ ಪ್ರಯಾಣ ಹೊರಟಿದ್ದವು. ಎಲ್ಲವೂ ಕಿಟಕಿ ಪಕ್ಕದ ಬೆಂಚಿನ ಒಬ್ಬ ಹುಡುಗಿಯ ಮಡಿಲು ಸೇರಿ, ಅಲ್ಲಿ ಕರಡಿ ಕುಣಿದ ಮೇಲೆ ವಾಪಸ್ ತಂತಮ್ಮ ಊರಿಗೆ ಮರಳುತ್ತಿದ್ದವು. ಆ ಹುಡುಗಿಯನ್ನು ತರಗತಿಯವರು ಮೆಣಸಿನಕಾಯಿ ಎನ್ನುತ್ತಿದ್ದರು. ಗಾತ್ರದಲ್ಲೂ ಖಾರದಲ್ಲೂ ಅದು ಸರಿಯಾದ ಹೆಸರೇ.

ಬಿಡುವಿನ ವೇಳೆಯಲ್ಲಿ ವಿಚಾರಣೆ ನಡೆಯಿತು.

"ಎಲ್ಲರ ಲೆಕ್ಕಾನೂ ನೀನೇ ಮಾಡ್ತೀಯಾ?"

"ಹೂಂ ಟೀಚರ್. ನನ್ನ ಪದ್ಯ ಅವಳು ಮಾಡ್ತಾಳೆ, ವಿಜ್ಞಾನ ಇವನು. ಹಂಚ್ಕೊಂಡಿದೀವಿ." ಮೆಣಸಿನಕಾಯಿಯ ಮುಖದಲ್ಲಿ ಸಹಕಾರ ಸಂಘದ ಅಧ್ಯಕ್ಷೆಯ ಗಾಂಭೀರ್ಯವಿತ್ತು.

"ಇದು ಮೋಸ ಅಲ್ವೇನೆ?"

"ಯಾರಿಗೆ ಮೋಸ? ಕರಡಿಗೆ ಯಾರ ಬೆರಳು ಅಂತ ಗೊತ್ತಾಗಲ್ಲ. ಅದಕ್ಕೆ ಹಸಿರು ಬೇಕು, ನಮಗೆ ಆಟಕ್ಕೆ ಹೋಗ್ಬೇಕು."

"ಸರಿ, ನಿನಗಾದ್ರೂ ಬರುತ್ತಲ್ಲ. ಅರ್ಧಾನ ಅರ್ಧದಿಂದ ಗುಣಿಸಿದ್ರೆ?"

"ಕಾಲು. ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ."

"ಯಾಕೆ ಕಾಲು?"

ಹುಡುಗಿ ಕಣ್ಣು ಮಿಟುಕಿಸಿದಳು. "ಯಾಕೆ ಅಂತ ಕರಡಿ ಯಾವತ್ತೂ ಕೇಳಿಲ್ಲ."

ಆ ಮಾತು ಮಗುಚಮ್ಮನ ಬೆನ್ನು ಹತ್ತಿತು. ಬಸ್ಸಿನಲ್ಲಿ ಕೂತರೆ ಅದೇ, ಅಪ್ಪನ ಎದುರು ತಟ್ಟೆ ಹಿಡಿದು ಕೂತರೂ ಅದೇ. ತನ್ನ ಕಾಲದಲ್ಲಿ ಪುಸ್ತಕದ ಮೇಲೆ ಬೀಳುತ್ತಿದ್ದ ಕೆಂಪು ಗೆರೆ ನೆನಪಾಯಿತು. ತನ್ನನ್ನು ಎಷ್ಟು ಅಳಿಸಿದ್ದರೂ ಆ ಗೆರೆ, ಯಾರೋ ಒಬ್ಬರು ಕೂತು ನಿನ್ನ ತಪ್ಪನ್ನು ಓದಿದ್ದಾರೆ ಎಂದು ಹೇಳುತ್ತಿತ್ತು. ಈ ಹಸಿರು ಚೌಕವನ್ನು ಯಾರು ಓದುತ್ತಾರೆ? ಮಕ್ಕಳು ಕರಡಿಗೆ ಕಲಿಸುತ್ತಿದ್ದಾರೋ, ಕರಡಿ ಮಕ್ಕಳನ್ನು ಕುಣಿಸುತ್ತಿದೆಯೋ? ಅಥವಾ ಕಲಿಯುವುದು ಎಂಬ ಮಾತೇ ತಾನು ನೋಡದಿದ್ದಾಗ ಅರ್ಥ ಬದಲಿಸಿಕೊಂಡು ಕೂತಿದೆಯೋ?

ಇಷ್ಟೆಲ್ಲ ಅನುಮಾನಪಟ್ಟವಳು ಒಂದನ್ನು ಮಾತ್ರ ಮಗುಚಿ ನೋಡಲಿಲ್ಲ. ಅಂತಿಮ ಪಾಠದ ಯೋಜನೆಯನ್ನು ಅವಳು ಫೋನಿಗೆ ಹೇಳಿ ಬರೆಸಿದ್ದಳು. ಕಾಲೇಜಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂದು ಫೋನು ಕಣ್ಣು ಮಿಟುಕಿಸುವುದರೊಳಗೆ ಹಾಳೆ ತುಂಬಿಸಿಕೊಟ್ಟಿತ್ತು. ಇವಳು ಅದನ್ನು ಬಾಯಿಪಾಠ ಮಾಡಿದಳು. ದೀಪದ ಬುಡದಲ್ಲೇ ಕತ್ತಲೆ.

ಪರೀಕ್ಷೆಯ ದಿನ ಬಂದ ಪರೀಕ್ಷಕರು ಬೇರೆಯವರು. ಮೆತ್ತಗಿನ ದನಿ, ದಪ್ಪದಪ್ಪ ಪದಗಳು. ನಗುನಗುತ್ತಲೇ ಬಂದರು. ಆ ನಗುವಿನ ಹಿಂದೆ ಏನಿದೆಯೋ ಎಂದು ಮಗುಚಮ್ಮ ಬೆವರಿದಳು. ಹಿಂದಿನ ಬೆಂಚಿನಲ್ಲಿ ದೊಡ್ಡ ಟೀಚರ್ ಪರೀಕ್ಷಕರ ಪಕ್ಕ ಕೂತು, ಎಲ್ಲ ಸಾಂಗವಾಗಲಿ ಎಂಬಂತೆ ಕಣ್ಣುಸನ್ನೆ ಮಾಡಿದರು.

ಸಾಂಗವಾಗಿಯೇ ನಡೆಯಿತು. ಭಿನ್ನರಾಶಿಗಳ ಗುಣಾಕಾರ. ಫೋನು ಬರೆದಂತೆ ಇವಳು ನುಡಿದಳು. ಡೆಸ್ಕಿನಡಿಯ ಸಹಕಾರ ಸಂಘ ಸದ್ದಿಲ್ಲದೆ ದುಡಿಯಿತು. ಕರಡಿಗಳು ಕುಣಿದವು. ಗೋಡೆ ಹಸಿರಾಯಿತು. ಪರೀಕ್ಷಕರ ಪೆನ್ನು ಮಾರ್ಕಿನ ಜಾಗದ ಕಡೆಗೆ ಗೂಳಿಯಂತೆ ನುಗ್ಗುತ್ತಿತ್ತು. ಆಗ ಮೆಣಸಿನಕಾಯಿ ಕೈ ಎತ್ತಿದಳು.

"ಟೀಚರ್, ಅವತ್ತು ನೀವು ಯಾಕೆ ಅಂತ ಕೇಳಿದ್ರಲ್ಲ, ನಾನು ಮನೇಲೂ ಯೋಚಿಸಿದೆ, ಗೊತ್ತಾಗ್ಲಿಲ್ಲ. ಗುಣಿಸಿದ್ರೆ ದೊಡ್ಡದಾಗ್ಬೇಕು ತಾನೆ? ಅರ್ಧಾನ ಗುಣಿಸಿದ್ರೆ ಚಿಕ್ಕದಾಗೋದು ಯಾಕೆ?"

ಮಗುಚಮ್ಮ ಮನಸ್ಸಿನಲ್ಲೇ ಯೋಜನೆಯ ಹಾಳೆ ತಿರುವಿದಳು. ಉತ್ತರ ಅಲ್ಲೂ ಇರಲಿಲ್ಲ. ಇಂಥ ಗಂಡಾಂತರಕ್ಕೆಂದೇ ಕಾಲೇಜು ಒಂದು ಮಂತ್ರ ಕಲಿಸಿತ್ತು: "ಒಳ್ಳೆಯ ಪ್ರಶ್ನೆ, ಮುಂದಿನ ತರಗತಿಯಲ್ಲಿ ನೋಡೋಣ." ಮಂತ್ರ ನಾಲಿಗೆಯ ತುದಿಗೆ ಬಂತು. ಗೋಡೌನಿನ ಡಬ್ಬಗಳು ಕಣ್ಣ ಮುಂದೆ ಸಾಲುಗಟ್ಟಿದವು. ಹುಡುಗಿ ಕತ್ತು ಚಾಚಿ ಕಾಯುತ್ತಿದ್ದಳು.

"ಟ್ಯಾಬು ಮುಚ್ಚಿ. ಒಂದೊಂದು ಹಾಳೆ ತಗೊಳ್ಳಿ" ಎಂದು ಮಗುಚಮ್ಮ ತಡವರಿಸಿದಳು. ಹಿಂದಿನಿಂದ ದೊಡ್ಡ ಟೀಚರ್ ಹಣೆ ಚಚ್ಚಿಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಮುಂದೆ ನಡೆದದ್ದು ಪಾಠವಲ್ಲ, ಕುರುಕ್ಷೇತ್ರ. ಹಾಳೆಗಳು ಮಡಚಿಕೊಂಡವು, ಹರಿದವು. "ಎರಡು ಸಲ ತಗೊಂಡ್ರೆ ಎರಡು ಹಾಳೆ" ಎಂದನೊಬ್ಬ. "ಒಂದು ಸಲ ತಗೊಂಡ್ರೆ ಒಂದೇ" ಎಂದಳು ಇನ್ನೊಬ್ಬಳು. "ಹಾಗಾದ್ರೆ ಅರ್ಧ ಸಲ?" ಎಂದು ಮಗುಚಮ್ಮ ಮಕ್ಕಳನ್ನು ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ, ಹೇಳುವುದು ಕಷ್ಟ.

"ಅರ್ಧ ಸಲ ತಗೊಳ್ಳೋದು ಅಂದ್ರೆ ಕೈ ಚಾಚಿ, ನಾಚ್ಕೊಂಡು ಹಿಂದಕ್ಕೆ ತಗೊಳ್ಳೋದಾ?" ಎಂದು ಯಾರೋ ಕೇಳಿ ತರಗತಿ ಗೊಳ್ಳೆಂದಿತು. ಮೆಣಸಿನಕಾಯಿ ಮಾತ್ರ ನಗಲಿಲ್ಲ. ಅರ್ಧ ಹಾಳೆಯನ್ನು ಹಿಡಿದು ನೋಡುತ್ತಿದ್ದವಳು ಅದನ್ನು ಮತ್ತೆ ಮಡಚಿದಳು.

"ಇದನ್ನ ಪೂರ್ತಿ ಒಂದು ಸಲಾನೂ ತಗೊಳ್ತಿಲ್ಲ ಟೀಚರ್! ಅರ್ಧ ಸಲ ಅಷ್ಟೆ! ಅದಕ್ಕೇ ಚಿಕ್ಕದು!"

"ಅಯ್ಯೋ, ಹೌದಲ್ವಾ!" ಎಂದು ಮಗುಚಮ್ಮ ಮಕ್ಕಳಿಗಿಂತ ಜೋರಾಗಿ ಕೂಗಿದಳು. ಗಂಟೆ ಹೊಡೆಯಿತು. ಯೋಜನೆಯ ಅರ್ಧ ಭಾಗ ಹಾಗೇ ಉಳಿದಿತ್ತು. ನೆಲದ ತುಂಬ ಕಾಗದದ ಚೂರು.

ಮಕ್ಕಳು ಹೊರಗೆ ಹೋದ ಮೇಲೆ ಪರೀಕ್ಷಕರು ಎದ್ದು ನಿಂತರು. ಮಾರ್ಕಿನ ಜಾಗ ಇನ್ನೂ ಖಾಲಿ.

"ಅಮ್ಮಾ," ಎಂದರು, "ನನ್ನ ಸೇವಾವಧಿಯಲ್ಲಿ ಇಂಥದ್ದು ನೋಡಿಲ್ಲ. ಯಂತ್ರ ಅನ್ನೋ ಮದ್ದಾನೆ ಎದುರು ಒಂದು ತುಂಡು ಕಾಗದ ಹಿಡ್ಕೊಂಡು ನಿಂತ್ರಿ. ಅದಕ್ಕಿಂತ ಹೆಚ್ಚು, ಉತ್ತರ ಗೊತ್ತಿದ್ದೂ ಗೊತ್ತಿಲ್ಲದೋರ ಥರ ನಟಿಸಿ ಮಕ್ಕಳ ಬಾಯಿಂದಲೇ ತೆಗೆಸಿದ್ರಲ್ಲ! ಆ ಬೆವರು, ಆ ತಡವರಿಕೆ, ಕೊನೇಲಿ ಆ ಕೂಗು! ದೊಡ್ಡ ದೊಡ್ಡ ವಿದ್ವಾಂಸರು ಇದರ ಮೇಲೆ ಗ್ರಂಥ ಬರೀತಾರೆ, ಮಾಡಿ ತೋರಿಸೋರು ಸಿಗಲ್ಲ. ಹೇಳಿ, ಈ ವಿಧಾನ ಎಲ್ಲಿ ಕಲಿತ್ರಿ?"

ಅವರ ಬೆನ್ನ ಹಿಂದೆ ದೊಡ್ಡ ಟೀಚರ್, ಕಾಲೇಜಲ್ಲಿ ಅಂತ ಹೇಳೇ, ಕಾಲೇಜಲ್ಲಿ ಅಂತ ಹೇಳೇ ಎಂದು ಸದ್ದಿಲ್ಲದೆ ತುಟಿಯಾಡಿಸುತ್ತಿದ್ದರು.

ಮಗುಚಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಟನೆ ಅಲ್ಲ ಸರ್. ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."