ಮೂಸಕುಂಞಿಯ ಮೈಕ್, ದೇವಕಿಯಕ್ಕನ ಸ್ವರ

ಬೆಳಕು ಹರಿಯುವ ಮೊದಲೇ ನೆಟ್ಟಣದ ಭಜನಾ ಮಂದಿರದ ಅಂಗಳದಲ್ಲಿ ಮೂಸಕುಂಞಿ ಏಣಿ ಹತ್ತಿದ್ದಾರೆ. ಬಾಯಲ್ಲಿ ಕಚ್ಚಿಕೊಂಡ ಟಾರ್ಚ್, ಹೆಗಲಲ್ಲಿ ವಯರಿನ ಸುರುಳಿ. ಇಂದು ಮಂದಿರದ ವಾರ್ಷಿಕೋತ್ಸವ. ಹಾರ್ನ್ ಬಿಗಿದು ಇಳಿದವರು "ಹಲೋ ಹಲೋ" ಅನ್ನುವುದಿಲ್ಲ. ಮೈಕಿನ ತಲೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾರೆ. "ದೇವರು ಏಳುವ ಹೊತ್ತು. ಬೊಬ್ಬೆ ಹಾಕಿ ಎಬ್ಬಿಸುದು ಯಾಕೆ?"

ಕಡಬದಲ್ಲಿ ಅವರದೊಂದು ಸೌಂಡ್ಸ್ ಅಂಗಡಿ. ಮದುವೆ, ಪೂಜೆ, ಉರೂಸ್ ಎಲ್ಲದಕ್ಕೂ ಅವರೇ ಬೇಕು. ಮೇ ತಿಂಗಳಲ್ಲಿ ದಿನಕ್ಕೆ ಮೂರು ಮನೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಒಂದೂ ಇಲ್ಲ. ಹಾಡುಗಳನ್ನೆಲ್ಲ ಒಂದು ವೆಬ್‌ಸೈಟಿನಿಂದ ಇಳಿಸಿಕೊಳ್ಳುತ್ತಿದ್ದರು. ಒಂದು ಚಾಯದ ದುಡ್ಡಿಗೆ ಇಡೀ ಸಿನಿಮಾದ ಹಾಡು! ದುಡ್ಡು ಕೊಟ್ಟದ್ದಾಗಿದೆ, ರಶೀದಿಯೂ ಮೊಬೈಲಿಗೆ ಬಂದಿದೆ. ಮತ್ತೆ ಕಳ್ಳಮಾಲು ಹೇಗಾದೀತು ಎಂಬುದು ಅವರ ನಂಬಿಕೆ.

ಕಳೆದ ವರ್ಷ ಅದೇ ಸೈಟಿನಲ್ಲಿ ದೇವಕಿಯಕ್ಕನ ಸ್ವರ ಸಿಕ್ಕಿತು. ಐವರ್ನಾಡಿನ ಈ ಹಿರಿಯರು ಊರ ಪೂಜೆಗಳಲ್ಲಿ ಹಳೆಯ ಕಾವ್ಯಗಳನ್ನು ರಾಗವಾಗಿ ಓದುವವರು. ಅಂಥದೊಂದು ಓದನ್ನು ಮೂಸಕುಂಞಿಯೇ ಅವರನ್ನು ಕೇಳದೆ ರೆಕಾರ್ಡ್ ಮಾಡಿ, ಬೇಕೆಂದವರಿಗೆಲ್ಲ ವಾಟ್ಸ್ಯಾಪಿನಲ್ಲಿ ಹಂಚಿದ್ದರು. "ದೇವರ ಪದ್ಯ ಅಲ್ವಾ, ಅದಕ್ಕೆ ಎಂತ ಯಜಮಾನಿಕೆ ಅಂತ ಗ್ರೇಶಿದ್ದೆ." ಯಾರೋ ಅದಕ್ಕೆ ಡ್ರಮ್ಮಿನ ಸದ್ದು ಸೇರಿಸಿ ಮಾರಾಟಕ್ಕಿಟ್ಟಿದ್ದರು.

ದೇವಕಿಯಕ್ಕ ಅದನ್ನು ಕೇಳಿದ್ದು ಸುಳ್ಯದ ಬಸ್ಸಿನಲ್ಲಿ. "ಎಂತ ಮೂಸಾಕ, ನನ್ನನ್ನು ಯುದ್ಧಕ್ಕೆ ಹೊರಡಿಸಿದ್ದೀರಲ್ಲ! ನಿಮ್ಮ ಮೈಕಿನ ಸಹವಾಸವೇ ಬೇಡ," ಎಂದುಬಿಟ್ಟರು. ಅಲ್ಲಿಂದ ಮೈಕಿಲ್ಲದೆಯೇ ಓದತೊಡಗಿದರು. ಹಿಂದೆ ಕುಳಿತವರಿಗೆ ತುಟಿ ಕಂಡಿತು, ಪದ್ಯ ಕೇಳಲಿಲ್ಲ.

ಮೂಸಕುಂಞಿಗೆ ಊಟ ಸೇರಲಿಲ್ಲ. ಪುತ್ತೂರಿನ ವಕೀಲ ಕೃಷ್ಣಮೋಹನರ ಬಳಿ ಹೋದರು. ವಕೀಲರು ಬಿಡಿಸಿ ಹೇಳಿದರು: "ಪದ್ಯ ಹಳೆಯದು, ಅದು ಎಲ್ಲರದ್ದು. ಓದಿದ ಸ್ವರ ಮಾತ್ರ ಅವರದ್ದು, ಕೇಳದೆ ಮಾರ್ಲಿಕ್ಕೆ ಇಲ್ಲ. ಮಾರುವವನಿಗೇ ಹಕ್ಕಿಲ್ಲದಿದ್ರೆ ನಿಮ್ಮ ರಶೀದಿಯಿಂದ ಎಂತ ಬಂತು?"

ದೂರು ಕೊಟ್ಟು ಆ ಓದನ್ನು ಸೈಟಿನಿಂದ ತೆಗೆಸಿದ್ದಾಯಿತು. ಮನೆಗೆ ಬಂದ ಮೂಸಕುಂಞಿ ಆ ಸೈಟಿನಿಂದ ಇಳಿಸಿಕೊಂಡಿದ್ದ ಹಾಡುಗಳನ್ನೂ ಒಂದುಳಿಯದೆ ಅಳಿಸಿದರು. "ದೇವಕಿಯಕ್ಕನನ್ನು ಕೇಳದೆ ಮಾರಿದವ ಬೇರೆಯವರನ್ನು ಕೇಳಿದ್ದಾನಾ?" ಈಗ ಹಕ್ಕುಳ್ಳ ಕಂಪನಿಗಳಿಂದಲೇ ಕೊಂಡ ಕೆಲವೇ ಹಾಡುಗಳಿವೆ. "ಎಂತ ಕಾಕ, ಪೆನ್‌ಡ್ರೈವಿಗೂ ಉಪವಾಸವಾ?" ಎಂದು ಮದುಮಗನ ಗೆಳೆಯರು ಚುಡಾಯಿಸುತ್ತಾರೆ. ಒಂದೆರಡು ಮದುವೆಗಳು ಕೈತಪ್ಪಿವೆ ಕೂಡ.

ಇಂದು ಮಂದಿರದಲ್ಲಿ ದೀಪ ಹಚ್ಚಿದ ಮೇಲೆ ದೇವಕಿಯಕ್ಕ ಚಾಪೆಯ ಮೇಲೆ ಕುಳಿತು ಪುಸ್ತಕ ಬಿಡಿಸುತ್ತಾರೆ. ಮೂಸಕುಂಞಿ ಮೈಕನ್ನು ದೂರ ಸರಿಸಿ ನಿಲ್ಲುತ್ತಾರೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕಿವಿಗೆ ಕೈ ಹಿಡಿದಿರುವುದನ್ನು ದೇವಕಿಯಕ್ಕ ಒಂದು ಗಳಿಗೆ ನೋಡುತ್ತಾರೆ.

"ಮೂಸಾಕ, ಅದನ್ನು ಇತ್ತ ತನ್ನಿ."

ಅವರು ತಂದಿಡುತ್ತಾರೆ. "ಅಕ್ಕ, ರೆಕಾರ್ಡ್ ಒತ್ಲಿಕ್ಕೆ ಉಂಟಾ, ಬೇಡವಾ?"

"ಒತ್ತಿ ಮಾರಾಯ್ರೆ. ಮೊಮ್ಮಗಳಿಗೆ ಕಳಿಸ್ಲಿಕ್ಕೆ ಉಂಟು. ಅವಳಿಗೆ ಮಾತ್ರ."

ಓದು ಶುರುವಾಗುತ್ತದೆ. ಮಿಕ್ಸರಿನ ಹಿಂದೆ ಕಾಲು ಮಡಚಿ ಕುಳಿತ ಮೂಸಕುಂಞಿ ಪಕ್ಕದವರತ್ತ ಬಾಗಿ ಪಿಸುಗುಡುತ್ತಾರೆ:

"ಕೇಳಿಯೇ ಒತ್ತಿದ್ದು. ನೋಡಿದ್ರಲ್ಲ?"