ಬೊಗಳುವ ಮೊದಲು ಕೊಡುವ ರೊಟ್ಟಿ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಐನಾಪುರದ ಕಡೆಯ ಒಂದು ದನದ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ಅಲ್ಲಿಗೆ ಬರುತ್ತಿದ್ದದ್ದು ಎಮ್ಮೆ, ಎತ್ತು, ಆಡು. ನಾಯಿಯನ್ನು ಯಾರೂ ತರುತ್ತಿರಲಿಲ್ಲ. ಒಮ್ಮೆ ಕುರಿಗಾರರ ನಾಯಿಯೊಂದರ ಬಾಯಿಗೆ ಕೈ ಹಾಕಿ ಮುಳ್ಳು ತೆಗೆದೆ. ಆ ಸುದ್ದಿ ನನಗಿಂತ ಮೊದಲೇ ಚಿಂಚಲಿಯವರೆಗೆ ಹೋಗಿ ಮುಟ್ಟಿತು. ಅಲ್ಲಿಂದಾಚೆ ಕಡಿಯುವ ನಾಯಿ ಇದ್ದವರೆಲ್ಲ ನನ್ನನ್ನು ಕೇಳಿಕೊಂಡು ಬರತೊಡಗಿದರು.

ಹಾಗೆ ಬಂದವರಲ್ಲಿ ಒಬ್ಬರು ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ ಜೈನ ರೈತರು. ಕಬ್ಬು, ಬೆಲ್ಲದ ಗಾಣ, ಮನೆಯಲ್ಲಿ ಎಲ್ಲರೂ ಆಯಿ ಎನ್ನುವ ವಯಸ್ಸಾದ ತಾಯಿ. ಅವರ ನಾಯಿ ಆ ವರ್ಷ ಮನೆಯ ಆಳಿನ ಮೀನಖಂಡ ಹರಿದಿತ್ತು. ಅದಕ್ಕೂ ಮೊದಲು ಬೇರೆಯವರನ್ನು ಕಡಿದಿತ್ತು. ಹುಚ್ಚಿನ ಅನುಮಾನ ಇರಲಿಲ್ಲ. ಕಾದು ನೋಡಬೇಕಾದ ದಿನಗಳು ಮುಗಿದಿದ್ದವು, ಆಳೂ ಅಥಣಿಗೆ ಹೋಗಿ ಸೂಜಿ ಮಾಡಿಸಿಕೊಂಡಿದ್ದ. ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯುವ ಕೂಲಿಗಳ ಟೋಳಿ ಬರುವುದಿತ್ತು. ಅವರ ಗುಡಿಸಲುಗಳು ಬಾವಿಯ ಆಚೆಗೇ ಏಳುತ್ತವೆ, ಜೊತೆಗೆ ಸಣ್ಣ ಮಕ್ಕಳಿರುತ್ತವೆ.

“ಕೊಲ್ಲೂ ಮಾತ ನಮ್ಮ ಮನ್ಯಾಗಿಲ್ರಿ ಡಾಕ್ಟರ ಬಾಯಾರ,” ಎಂದರು ರೈತರು. “ಬೆಲ್ಲದ ಟ್ರಕ್ಕಿನ್ಯಾಗ ಹಾಕಿ ಸಾಂಗಲಿ ಪ್ಯಾಟ್ಯಾಗ ಬಿಟ್ಟ ಬರ್ತೀವಿ.”

ಕಡಿಯುವ ನಾಯಿಯನ್ನು ಗುರುತಿಲ್ಲದ ಪೇಟೆಯಲ್ಲಿ ಬಿಟ್ಟರೆ ಸಂಜೆಯೊಳಗೆ ಜನ ಅದನ್ನು ಬಡಿದು ಸಾಯಿಸುತ್ತಾರೆ ಎಂದು ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಟೋಳಿ ಬರುವವರೆಗೆ ಸಮಯ ಕೊಡಿ ಎಂದು ಕೇಳಿದೆ. ಒಪ್ಪಿದರು.

ಮೊದಲ ರವಿವಾರ ನಾನು ಏನೂ ಮಾಡಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಳಿತು ನೋಡಿದೆ. ನಾಯಿಯನ್ನು ಕಾಲುದಾರಿಯ ಮಗ್ಗುಲಿಗೇ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದರು. ಯಾರಾದರೂ ಬಂದರೆ ಅದು ಕೊರಳು ಹರಿಯುವಂತೆ ಜಗ್ಗಿ ಮೈಮೇಲೆ ಹೋಗುತ್ತಿತ್ತು. ಕೂಡಲೇ ಒಳಗಿನಿಂದ ಆ ತಾಯಿ ಓಡಿ ಬರುತ್ತಿದ್ದರು. ಕೈಯಲ್ಲಿ ಬೆಲ್ಲ ಸವರಿದ ರೊಟ್ಟಿಯ ತುಣುಕು. “ಸುಮ್ನಿರೋ ತಮ್ಮಾ” ಎಂದು ಎಸೆಯುತ್ತಿದ್ದರು. ನಾಯಿ ತಿನ್ನುತ್ತಿತ್ತು, ಬಂದವರು ದಾಟಿ ಹೋಗುತ್ತಿದ್ದರು. ಆ ಮನೆಯಲ್ಲಿ ಯಾವ ಪ್ರಾಣಿಯ ಮೇಲೂ ಬಡಿಗೆ ಎತ್ತಿದವರಿಲ್ಲ. ಎತ್ತಲಾರದ್ದಕ್ಕೇ ಅವರು ಈ ದಾರಿ ಹಿಡಿದಿದ್ದರು. ನಾಯಿ ಮಾತ್ರ ಬೇರೆ ಪಾಠ ಕಲಿತಿತ್ತು: ಎಷ್ಟು ಜೋರಾಗಿ ಎಗರಿದರೆ ಅಷ್ಟು ಬೇಗ ಬೆಲ್ಲ.

ನಾನೂ ಅಥಣಿ ಕಡೆಯವಳೇ ಆದ್ದರಿಂದ ಅವರದೇ ಮಾತಿನಲ್ಲಿ ಸುತ್ತುಬಳಸದೆ ಹೇಳಿದೆ. “ನೀವ ರೊಟ್ಟಿ ಕೊಟ್ಟ ಕೊಟ್ಟ ಬೊಗಳೂದ ಕಲಿಸೀರಿ, ಆಯಿ.”

ಆಯಿಗೆ ಸಿಟ್ಟು ಬಂತು. “ಹಂಗಾರ ಬಡಿಗಿ ತಗೊಂಡ ಬಡೀಲೇನ? ನಿಮ್ಮ ಕಾಲೇಜದಾಗ ಅದನ್ನ ಕಲಿಸ್ಯಾರ?”

“ಬಡಿಯೂದ ಬ್ಯಾಡ್ರಿ. ಅದ ರೊಟ್ಟಿ ಕೊಡ್ರಿ. ಬೊಗಳೂಕಿಂತ ಮೊದಲ ಕೊಡ್ರಿ.”

ನಾಯಿಯನ್ನು ದಾರಿಯಿಂದ ಎಬ್ಬಿಸಿ ಹಿತ್ತಲ ಗೋಡೆಯ ಕಡೆಗೆ, ಗಟ್ಟಿ ಕಂಬಕ್ಕೆ, ಉದ್ದ ಸರಪಳಿಯಲ್ಲಿ ಕಟ್ಟಿಸಿದೆ. ಆಯಿ ಅದರ ಪಕ್ಕ ಮಣೆ ಹಾಕಿಕೊಂಡು ಕೂರಬೇಕು. ದೂರದಲ್ಲಿ, ಕಬ್ಬಿನ ಅಂಚಿನಲ್ಲಿ, ಒಬ್ಬರು ಕಾಣಿಸಿಕೊಳ್ಳಬೇಕು. ನಾಯಿಯ ಕಿವಿ ಎದ್ದು, ಬಾಯಿ ಇನ್ನೂ ಮುಚ್ಚಿರುವ ಆ ಗಳಿಗೆಯಲ್ಲೇ ತುಣುಕು ಸಿಗಬೇಕು. ಬೊಗಳಿದರೆ ಬಂದವರು ಹಿಂದಕ್ಕೆ ಹೋಗಬೇಕು, ಅದು ಸುಮ್ಮನಾಗುವವರೆಗೆ ರೊಟ್ಟಿ ಇಲ್ಲ. ನಾಯಿ ಸುಮ್ಮನಿದ್ದಷ್ಟೂ ಬಂದವರು ಒಂದೊಂದೇ ಹೆಜ್ಜೆ ಹತ್ತಿರ ಬರಬೇಕು. ದವಾಖಾನೆಯ ಕೆಲಸ ಮುಗಿಸಿ ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಜೈನರ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಆ ಮನೆಯಲ್ಲಿ ಊಟ ಮುಗಿಯುತ್ತಿತ್ತು, ನಾಯಿಯದೂ ಮುಗಿಯಬೇಕಿತ್ತು. ನಮಗೆ ಇದ್ದದ್ದು ಅದರೊಳಗಿನ ಸ್ವಲ್ಪ ಹೊತ್ತು.

ಕಬ್ಬಿನ ಅಂಚಿನಿಂದ ನಡೆದು ಬರುವವರು ಯಾರು ಎಂದು ಯೋಚಿಸುವಾಗ ಕಡಿಸಿಕೊಂಡ ಆಳೇ ಮುಂದೆ ಬಂದ. “ಇನ್ನೊಂದ ಕಾಲ ಉಳದೈತ್ರಿ ಬಾಯಾರ, ಅದರದೂ ರುಚಿ ನೋಡ್ಲಿ.” ಅವನ ಅಥಣಿ ಚಪ್ಪಲಿ ಕರಕರ ಸದ್ದು ಮಾಡುತ್ತಿತ್ತು. ಬಿಚ್ಚಲೇ ಎಂದು ಕೇಳಿದ. ಬೇಡ ಎಂದೆ, ಟೋಳಿಯವರೂ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ.

ಕಷ್ಟವಾದದ್ದು ನಾಯಿಗಲ್ಲ, ಆಯಿಗೆ. ಅದು ಬೊಗಳಿದ ಕೂಡಲೇ ಆಯಿಯ ಕೈ ತಾನಾಗಿ ರೊಟ್ಟಿಯ ತುಣುಕುಗಳಿದ್ದ ಉಡಿಗೆ ಹೋಗುತ್ತಿತ್ತು. ಹಸಿದ ಜೀವ ತನ್ನನ್ನೇ ನೋಡುತ್ತಿರುವಾಗ ಕೊಡದೆ ಕೂರುವುದು ಯಾವ ಧರ್ಮ ಎಂದು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಅವರ ಕೈಯ ಮೇಲೆ ಕೈ ಇಟ್ಟುಕೊಂಡೆ. ಯಾರನ್ನೂ ಸುಮ್ಮನೆ ಮುಟ್ಟುವ ರೂಢಿ ನನಗಿಲ್ಲ. ಆದರೂ ಇಟ್ಟುಕೊಂಡೆ.

ಆಳು ಕಬ್ಬಿನ ಅಂಚಿನಿಂದಲೇ ಕೂಗಿದ: “ಆಯೀ, ನಾಯಿ ಕಲೀತು. ನೀವ ಯಾವಾಗ?”

“ನೀ ಸುಮ್ನ ನಡಿಯೋ, ಕಡಿಸ್ಕೊಂಡಾಂವಾ.”

ಮಳೆ ನಿಂತು ಗಾಳಿ ಒಣಗುವ ಹೊತ್ತಿಗೆ ಆಳು ಗೋಡೆಯ ತನಕ ಬರುವಂತಾಗಿದ್ದ. ಆಗ ಒಂದು ಬೆಳಿಗ್ಗೆ ಹಾಲಿನವನು ಹೇಳದೆ ಕೇಳದೆ ಹಿತ್ತಲಿಗೆ ಸೈಕಲ್ ನುಗ್ಗಿಸಿದ. ನಾಯಿ ಅವನ ಧೋತರ ಹರಿಯಿತು. ಮೈಗೆ ತಾಗಲಿಲ್ಲ. ಸಾಕು, ಮೊದಲ ಟ್ರಕ್ಕಿಗೇ ಕಳಿಸುತ್ತೇನೆ ಎಂದರು ರೈತರು. ಟೋಳಿ ಇನ್ನೂ ಬಂದಿಲ್ಲ, ನೀವು ಕೊಟ್ಟ ಮಾತು ಅಲ್ಲಿಯವರೆಗೆ ಎಂದೆ ನಾನು. ಅವರು ಸಿಟ್ಟಿನಿಂದ ಎದ್ದು ಹೋದರು, ಆದರೆ ಮಾತು ಮುರಿಯಲಿಲ್ಲ. ಮರುದಿನದಿಂದ ನಾವು ಮತ್ತೆ ಕಬ್ಬಿನ ಅಂಚಿನಿಂದ ಶುರು ಮಾಡಿದೆವು. ಈ ಸಲ ಸೈಕಲ್ಲಿನೊಂದಿಗೆ. ಹಿತ್ತಲಿಗೆ ಮುಳ್ಳಿನ ಬೇಲಿಯನ್ನೂ ಹಾಕಿಸಿದೆ.

ಟೋಳಿ ಬಂದ ದಿನ ಗಾಣದ ಮುಂದೆ ಟ್ರಕ್ಕು ನಿಂತಿತ್ತು. ದಾಸ್ತಾನಿದ್ದ ಹಳೆಯ ಬೆಲ್ಲ ಏರುತ್ತಿತ್ತು. ಬಂಡಿಗಳು, ಕೊಡ ಹೊತ್ತ ಹೆಂಗಸರು, ಮರಾಠಿಯಲ್ಲಿ ಜಗಳವಾಡುವ ಮಕ್ಕಳು ಸಾಲಾಗಿ ಬೇಲಿಯ ಆಚೆ ಬಂದರು. ನಾಯಿ ಎದ್ದು ನಿಂತಿತು. ಬೆನ್ನ ಮೇಲಿನ ಕೂದಲು ಎದ್ದವು, ಗಂಟಲಲ್ಲಿ ಗುರ್ ಎಂದಿತು. ಆಯಿಯ ಕೈ ಉಡಿಯಲ್ಲಿತ್ತು. ನಾನು ಮುಟ್ಟಲಿಲ್ಲ. ಕೈ ಅಲ್ಲೇ ಇತ್ತು. ನಾಯಿ ಒಮ್ಮೆ ಬಂಡಿ ನೋಡಿತು, ಕೊರಳು ಹೊರಳಿಸಿ ಆಯಿಯ ಮುಖ ನೋಡಿತು. ಸದ್ದು ನಿಂತಿತು. ಆಗ ಆಯಿ ಕೊಟ್ಟರು. ಮುಂದಿನ ಬಂಡಿಗೂ ಹಾಗೆಯೇ, ಅದರ ಮುಂದಿನದಕ್ಕೂ.

ರೈತರು ಅದನ್ನೆಲ್ಲ ಟ್ರಕ್ಕಿನ ಬಳಿಯಿಂದ ನೋಡುತ್ತಿದ್ದರು. ಹತ್ತಿರ ಬಂದು ನನ್ನನ್ನು ಕೇಳಿದರು: “ಇನ್ನ ಕಡಿಯಂಗಿಲ್ಲಲಾ?”

ಹೌದು ಎಂದರೆ ಅವತ್ತಿಗೆ ಎಲ್ಲ ಸುಲಭವಾಗುತ್ತಿತ್ತು. “ಹಂಗ ಹೇಳಾಕ ಬರಂಗಿಲ್ರಿ,” ಎಂದೆ. “ಸರಪಳಿ ತಗಿಬ್ಯಾಡ್ರಿ, ಬೇಲಿ ತಗಿಬ್ಯಾಡ್ರಿ. ಮಕ್ಕಳನ್ನ ಹಂತೇಕ ಬಿಡಬ್ಯಾಡ್ರಿ. ದಿನಾ ಹಿಂಗ ಮಾಡಬೇಕ.”

ಅವರು ತಾಯಿಯ ಕಡೆ ನೋಡಿದರು. ಆಮೇಲೆ ಟ್ರಕ್ಕಿನ ಡ್ರೈವರನಿಗೆ ಹಿಂದಿನ ಫಳಿ ಮುಚ್ಚಿ ಹೊರಡು ಎಂದರು. ಟ್ರಕ್ಕು ಬೆಲ್ಲವನ್ನಷ್ಟೇ ಹೊತ್ತು ಹೋಯಿತು.

ಆಯಿ ಮಣೆಯ ಮೇಲೇ ಕುಳಿತಿದ್ದರು. ಇನ್ನು ಮನಸ್ಸಿಗೆ ಬಂದಾಗ ಅದಕ್ಕೆ ರೊಟ್ಟಿ ಹಾಕುವುದು ಯಾವಾಗ ಎಂದು ಕೇಳಿದರು. ಹಾಗೆ ಹಾಕುವಂತಿಲ್ಲ, ಎಂದೂ ಇಲ್ಲ ಎಂದೆ. ಅವರು ಉಡಿ ಝಾಡಿಸಿ ಎದ್ದರು.

“ನಾಳೆ ಲಗೂನ ಬಾ,” ಎಂದರು. “ಹಾಲಿನವಗ ಸೈಕಲ್ ತಗೊಂಡ ಬರ್ಲಾಕ ಹೇಳೇನಿ.”